ಒಂದು ಹೊಲಿಗೆ ಮಷಿನ್ನು, ಎರಡು ಅನುಮಾನ

ನನಗೊಂದು ಚಟ ಅಂಟಿಕೊಂಡಿದೆ. ಯಾರಿಗೇ ಆಗಲಿ ಫೋನಿನಿಂದ ದುಡ್ಡು ಕೊಡುವಾಗ ಪರದೆಯ ಮೇಲೆ ಮೂಡುವ ಹೆಸರನ್ನು ಗಟ್ಟಿಯಾಗಿ ಓದಿ, ಎದುರಿಗಿದ್ದವರ ಬಾಯಿಂದ ಹೌದು ಅನ್ನಿಸಿಕೊಂಡ ಮೇಲೇ ಬೆರಳು ಮುಂದಕ್ಕೆ ಹೋಗುತ್ತದೆ. ಲಕ್ಷ ರೂಪಾಯಿಯ ವ್ಯವಹಾರವಾದರೆ ಯಾರೂ ನಗುತ್ತಿರಲಿಲ್ಲ. ನಾನು ಎರಡು ಕಟ್ಟು ಕೊತ್ತಂಬರಿಗೂ ಹೀಗೇ ಮಾಡುತ್ತೇನೆ.

ಹೈದರಾಬಾದಿನ ಕಾಚಿಗುಡದಲ್ಲಿ ನಮ್ಮ ಗಲ್ಲಿಯ ತಿರುವಿನಲ್ಲಿ ಸಾಯಮ್ಮನ ತರಕಾರಿ ಗಾಡಿ ನಿಲ್ಲುತ್ತದೆ. ಗಾಡಿಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ "ಪೆಂಟಯ್ಯ" ಅಂತ ಬರುತ್ತದೆ. "ಪೆಂಟಯ್ಯ ಯಾರು?" ಅಂತ ನಾನು ತೆಲುಗಿನಲ್ಲಿ ಕೇಳುತ್ತೇನೆ. ಮೊದಲ ದಿನ ಸಾಯಮ್ಮ ನಾಚಿಕೊಂಡು, ಸೆರಗು ಬಾಯಿಗೆ ಹಿಡಿದು, ಅದು ತನ್ನ ಗಂಡನ ಹೆಸರು ಅಂದಳು. ಎರಡನೇ ದಿನವೂ ಹೇಳಿದಳು. ಹದಿನೈದನೇ ದಿನ, ನಾಲ್ಕು ಜನ ಗಿರಾಕಿಗಳ ಎದುರಿಗೇ, "ಮಾ ಆಯನ ಇಂಕಾ ಮಾರಲೇದಮ್ಮಾ" ಅಂದುಬಿಟ್ಟಳು. ನನ್ನ ಗಂಡ ಇನ್ನೂ ಬದಲಾಗಿಲ್ಲಮ್ಮಾ ಅಂತ. ಬದನೆಕಾಯಿ ಆರಿಸುತ್ತಿದ್ದ ಒಬ್ಬ ಗೃಹಸ್ಥರು ನಗು ತಡೆಯಲಾಗದೆ ಕೆಮ್ಮಿದರು. ನಾನೂ ನಕ್ಕೆ. ಆದರೆ ಹದಿನಾರನೇ ದಿನ ಮತ್ತೆ ಕೇಳಿದೆ.

ಈ ಚಟ ಹುಟ್ಟಿದ್ದು ಹೇಗೆ ಅಂತ ಹೇಳಬೇಕಾದರೆ ಮೊದಲು ನನ್ನ ಉದ್ಯೋಗ ಹೇಳಬೇಕು. ಹೇಳೋಕೆ ಸ್ವಲ್ಪ ಸಂಕೋಚ. ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವಳು. ಗಾಜಿನ ಹಿಂದೆ ಕೂತು, ಕಟ್ಟುಗಟ್ಟಲೆ ನೋಟು ಎಣಿಸಿ, ಖೋಟಾ ನೋಟು ಬೆರಳಿಗೆ ತಾಕಿದ ಕೂಡಲೇ ನಿಲ್ಲಿಸುತ್ತಿದ್ದವಳು. "ನಿಮ್ಮ ಪಿನ್ ಯಾರಿಗೂ ಹೇಳಬೇಡಿ. ದುಡ್ಡು ಬರಬೇಕಾದರೆ ಪಿನ್ ಹಾಕುವ ಅಗತ್ಯವಿಲ್ಲ" ಅನ್ನುವ ಕಾಗದವನ್ನು ನನ್ನ ಕೌಂಟರಿನ ಗಾಜಿಗೆ ನಾನೇ ಗೋಂದು ಹಚ್ಚಿ ಅಂಟಿಸಿದ್ದೆ. ಸೊಟ್ಟಗಾಯಿತು ಅಂತ ಕಿತ್ತು ಮತ್ತೊಮ್ಮೆ ಅಂಟಿಸಿದ್ದೆ.

ಬೀದರಿನಲ್ಲಿ ನನ್ನ ಅವ್ವ ಯಾವ ಕಾಗದವನ್ನೂ ಅಂಟಿಸಿದವಳಲ್ಲ. ಆದರೆ ವ್ಯಾಪಾರದಲ್ಲಿ ಅವಳನ್ನು ಯಾರಿಂದಲೂ ಏಮಾರಿಸಲಾಗಲಿಲ್ಲ. ಆಗ ಓಣಿಗೆ ಹಳೇ ಬಟ್ಟೆ ತಗೊಂಡು ಸ್ಟೀಲಿನ ಪಾತ್ರೆ ಕೊಡುವ ಹೆಂಗಸರು ಬರುತ್ತಿದ್ದರು. ಅಪ್ಪನ ಪ್ಯಾಂಟು, ಜರಿ ಹೋದ ಸೀರೆ ಎಲ್ಲವನ್ನೂ ಪಾತ್ರೆಯವಳು ಬಿಸಿಲಿಗೆ ಹಿಡಿದು ತೂತು ಹುಡುಕುವಳು. ಅವ್ವ ಡಬರಿಯನ್ನು ಬೋರಲು ಹಾಕಿ ಬೆರಳಲ್ಲಿ ಬಡಿದು ಅದರ ಸಪ್ಪಳ ಕೇಳುವಳು. ಒಂದು ತಾಸು ಚೌಕಾಸಿ. ಕೊನೆಗೆ ಕೊಡೋ ಗಳಿಗೆ ಬಂದಾಗ ಅವ್ವ ಸೀರೆಯ ಒಂದು ತುದಿ ಬಿಡುತ್ತಿರಲಿಲ್ಲ, ಪಾತ್ರೆಯವಳು ಡಬರಿಯ ಕಂಠ ಬಿಡುತ್ತಿರಲಿಲ್ಲ. ಇಬ್ಬರೂ ಒಬ್ಬರ ಕಣ್ಣೊಬ್ಬರು ನೋಡುತ್ತಾ ಒಂದೇ ಸಲಕ್ಕೆ ಕೈ ಬಿಡುವರು. ನಡುವೆ ಸಾಕ್ಷಿಯಾಗಿ ನಾನು, ಮೂಗು ಸೋರಿಸಿಕೊಂಡು ನಿಂತಿರುತ್ತಿದ್ದೆ. ಇಂಥ ತಾಯಿಯ ಮಗಳು, ಮೇಲೆ ಬ್ಯಾಂಕಿನವಳು. ನನಗೆ ಯಾರು ಮೋಸ ಮಾಡಿಯಾರು ಅನ್ನುವ ಜಂಬ ನನಗಿದ್ದದ್ದು ಆಶ್ಚರ್ಯವಲ್ಲ.

ನಿವೃತ್ತಿಯಾದ ಎರಡನೇ ವರ್ಷ ನಮ್ಮ ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟು ಏಳತೊಡಗಿತು. ಕೆಲಸದ ಹೆಂಗಸರು ಕುಡಿಯೋ ನೀರಿಗೆ ನಮ್ಮ ಗೇಟಿಗೆ ಬರುತ್ತಿದ್ದರು. ಒಂದು ದಿನ ನಾನು ಒಳಗೆ ನಮ್ಮವರ ಮೇಲೆ ರೇಗುತ್ತಿದ್ದೆ, ಕನ್ನಡದಲ್ಲಿ. ರೇಗೋದು ಮುಗಿಸಿ ಹೊರಗೆ ಬಂದರೆ, ಕೊಡ ಹಿಡಿದು ನಿಂತಿದ್ದವಳು ಹಲ್ಲು ಬಿಟ್ಟು ನಗುತ್ತಿದ್ದಳು.

"ಅಕ್ಕಾರ, ನೀವೂ ನಮ್ಮ ಕಡಿಯವರೇನ್ರಿ? ಬೈಗಳಾ ಕೇಳಿ ಭಾಳ ಖುಷಿ ಆತು ನೋಡ್ರಿ."

ಅವಳು ಯಲ್ಲಮ್ಮ. ಯಾದಗಿರಿ ಕಡೆಯವಳು. ಗಂಡ ಭೀಮಪ್ಪ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ, ಇವಳು ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಹೈದರಾಬಾದಿಗೆ ಬಂದು ಎಂಟು ವರ್ಷ. ಅವತ್ತಿಂದ ನೀರಿನ ನೆಪದಲ್ಲಿ ದಿನಾ ಹತ್ತು ನಿಮಿಷ ಮಾತು. ತನ್ನ ಕಷ್ಟ ಸುಖ ಎಲ್ಲ ಹೇಳುವಳು, ಮುಚ್ಚುಮರೆ ಇಲ್ಲದೆ. ಒಬ್ಬ ಮೇಸ್ತ್ರಿ ಎರಡು ವಾರದ ಪಗಾರ ನುಂಗಿ ಓಡಿಹೋದದ್ದನ್ನೂ ಹಾಗೇ ಹೇಳಿದ್ದಳು, ಬೇರೆ ಯಾರದೋ ಮನೆಯ ಕಥೆ ಹೇಳಿದ ಹಾಗೆ.

ಅದೇ ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡಳು. ಕೂಡಿಕೊಂಡಿತು, ಆದರೆ ಸ್ವಲ್ಪ ವಾರೆಯಾಗಿ. ಬುಟ್ಟಿ ಎತ್ತಿದರೆ ನೋವು. ಅವಳ ಬಸ್ತಿಯಲ್ಲಿ ಒಬ್ಬಾಕೆ ಹೊಲಿಗೆ ಕಲಿಸಿದ್ದಳಂತೆ. ಲಂಗ, ಸೀರೆಯ ಫಾಲ್ಸು, ಸಣ್ಣ ಮಕ್ಕಳ ಅಂಗಿ ಇಷ್ಟು ಬರುತ್ತಿತ್ತು. ಸ್ವಂತ ಮಷಿನ್ ಇರಲಿಲ್ಲ.

"ಕಾಲೀಲೆ ತುಳಿಯೋದು ಇದ್ರ ಸಾಕ್ರಿ ಅಕ್ಕಾರ. ಕೈ ಹೋದ್ರೂ ಕಾಲಿಗೇನಾಗಿಲ್ಲಲ್ರಿ ನಂದು" ಅಂದಳು. ಮರುದಿನ ಚೀಟಿ ಎತ್ತಿದ ದುಡ್ಡನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ತಂದು ನನ್ನ ಕೈಗಿಟ್ಟಳು. "ಹೊಸಾದು ಬರಂಗಿಲ್ಲ ಇದರಾಗ. ಫೋನಿನಾಗ ಹಳೇವು ಬರ್ತಾವಂತಲ್ರಿ. ನೀವು ಬ್ಯಾಂಕಿನವರು. ನಿಮ್ಮನ್ನ ಯಾರು ಫಸಾಯಿಸ್ತಾರ?"

ನಾನು ಅಭ್ಯಾಸಬಲದಿಂದ ಎರಡು ಸಲ ಎಣಿಸಿ, ನಾಲ್ಕೂವರೆ ಸಾವಿರ ಸರಿ ಅಂತ ಹೇಳಿ, ಬೀರುವಿನಲ್ಲಿಟ್ಟೆ. ಕೊಡಬೇಕಾದದ್ದನ್ನು ನನ್ನ ಫೋನಿನಿಂದ ಕೊಟ್ಟು ಇದನ್ನು ಇಟ್ಟುಕೊಂಡರಾಯಿತು ಅಂತ ಲೆಕ್ಕ. ಅವಳ ಕೊನೆಯ ಮಾತು ಕಿವಿಯಲ್ಲಿ ಇಂಪಾಗಿ ಉಳಿದಿತ್ತು.

ಮೂರನೇ ದಿನವೇ ಫೋನಿನಲ್ಲಿ ಒಂದು ಸಿಕ್ಕಿತು. ಕಪ್ಪು ಮಷಿನ್ನು, ಹೊಟ್ಟೆಯ ಮೇಲೆ ಬಂಗಾರದ ಬಣ್ಣದ ಹೂಬಳ್ಳಿ. ಚಿತ್ರ ನೋಡಿದ ಕೂಡಲೇ ನಾನು ಬೀದರಿಗೆ ಹೋಗಿಬಿಟ್ಟೆ. ನಮ್ಮ ಮನೆಯಲ್ಲೂ ಇಂಥದೇ ಒಂದಿತ್ತು. ಮಧ್ಯಾಹ್ನ ಅವ್ವ ಮಲಗಿದಾಗ ನಾನೂ ತಮ್ಮನೂ ಅದರ ಕೆಳಗೆ ತೂರಿಕೊಂಡು, ತುಳಿಯುವ ಕಾಲ್ಮಣೆಯ ಮೇಲೆ ಕೂತು, ದೊಡ್ಡ ಚಕ್ರವನ್ನು ಸ್ಟಿಯರಿಂಗ್ ಮಾಡಿಕೊಂಡು ಬಸ್ಸು ಓಡಿಸುತ್ತಿದ್ದೆವು. ಬೀದರಿನಿಂದ ಹುಮನಾಬಾದಿಗೆ ಎಷ್ಟು ಟ್ರಿಪ್ ಹೊಡೆದಿದ್ದೇವೋ ಲೆಕ್ಕವಿಲ್ಲ. ಒಮ್ಮೆ ತಮ್ಮನ ಹೆಬ್ಬೆರಳು ಬೆಲ್ಟಿಗೆ ಸಿಕ್ಕಿ ಆ ಮಾರ್ಗದ ಬಸ್ಸು ಶಾಶ್ವತವಾಗಿ ನಿಂತಿತು. ಹೀಗೆ ನೆನಪು ಹತ್ತಿದ ಹೆಂಗಸಿಗೆ ಏನು ಬೇಕಾದರೂ ಮಾರಬಹುದು ಅನ್ನುವುದು ನನಗೆ ಆಮೇಲೆ ತಿಳಿಯಿತು.

ಮಾರುವವನ ದನಿ ಜೇನಿನಂತಿತ್ತು. ತಾನು ದೊಡ್ಡ ಹುದ್ದೆಯ ಅಧಿಕಾರಿ, ಬೇಗಂಪೇಟೆಯ ಕ್ವಾರ್ಟರ್ಸಿನಲ್ಲಿ ಮನೆ, ದೂರದೂರಿಗೆ ವರ್ಗವಾಗಿದೆ, ಅದಕ್ಕೇ ಸಾಮಾನು ಕೊಡುತ್ತಿದ್ದೇನೆ ಅಂದ. ಗುರುತಿನ ಚೀಟಿಯ ಫೋಟೋ ಕಳಿಸಿದ. "ಮಾತಾಜೀ" ಅಂತ ಕರೆದ. ನಾನು ಬಂದು ನೋಡುತ್ತೇನೆ ಅಂದರೆ, ಕ್ವಾರ್ಟರ್ಸಿನ ಒಳಗೆ ಹೊರಗಿನವರನ್ನು ಬಿಡುವುದಿಲ್ಲ, ತನ್ನ ಗಾಡಿಯಲ್ಲೇ ಕಳಿಸಿಕೊಡುತ್ತೇನೆ, ಗೇಟ್ ಪಾಸಿಗೆ ಐನೂರು ರೂಪಾಯಿ ಮಾತ್ರ ಮೊದಲು, ಅದೂ ವಾಪಸು ಅಂದ. ನಂಬಿಕೆಗೆ ಮೊದಲು ಒಂದು ರೂಪಾಯಿ ಕಳಿಸಿ ನೋಡಿ ಅಂದ. ಕಳಿಸಿದೆ. ಎರಡು ರೂಪಾಯಿ ವಾಪಸು ಬಂತು! ಮೂವತ್ತೊಂದು ವರ್ಷ ಕ್ಯಾಶಿನಲ್ಲಿದ್ದವಳು ಒಂದು ರೂಪಾಯಿ ಲಾಭಕ್ಕೆ ಎಷ್ಟು ಹಿಗ್ಗಿದೆ ಅಂದರೆ, ಅಡುಗೆಮನೆಗೆ ಹೋಗಿ ನಮ್ಮವರಿಗೆ ತೋರಿಸಿ ಬಂದೆ.

ಐನೂರು ಹೋಯಿತು. ಅರ್ಧ ತಾಸಿಗೆ ಮತ್ತೆ ಫೋನು. ಪಾಸು ರದ್ದಾಯಿತು, ನಿಮ್ಮ ದುಡ್ಡು ಕೂಡಲೇ ಹಿಂದಿರುಗಿಸಬೇಕು, ಒಂದು ಕೋಡು ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಬಂದುಬೀಳುತ್ತದೆ ಅಂದ. ಬೇಗ ಮಾಡಿ, ಆಫೀಸಿನವರು ಕಾಯುತ್ತಿದ್ದಾರೆ ಅಂದ. ಬೆಳಗಿನ ಹನ್ನೊಂದು ಗಂಟೆ. ಒಲೆಯ ಮೇಲೆ ಹಾಲಿತ್ತು. ಪರದೆಯ ಮೇಲೆ ಒಂದು ಹೆಸರು ಬಂತು. ಅದು ಆ ಅಧಿಕಾರಿಯದಲ್ಲ, ಯಾವುದೋ ಮೊಬೈಲ್ ಅಂಗಡಿಯದು. ನನ್ನ ಕಣ್ಣು ಅದನ್ನು ನೋಡಿತು. ಓದಲಿಲ್ಲ. ಪಿನ್ ಹಾಕಿದೆ. ಐನೂರು ಬರಲಿಲ್ಲ, ಏಳು ಸಾವಿರದ ಇನ್ನೂರು ರೂಪಾಯಿ ಹೋಯಿತು. ಹಾಲೂ ಉಕ್ಕಿ ಹೋಯಿತು.

ಮತ್ತೆ ಫೋನು ಮಾಡಿದರೆ ಆ ನಂಬರು ಸತ್ತಿತ್ತು. ಕೂಡಲೇ ದೂರು ಕೊಟ್ಟಿದ್ದರೆ ತಡೆಯುವ ಸಂಭವವಿತ್ತು. ಗಿರಾಕಿಗಳಿಗೆ ನಾನೇ ಎಷ್ಟು ಸಲ ಹೇಳಿದ್ದೆ, ಮೊದಲ ಒಂದು ತಾಸು ಮುಖ್ಯ ಅಂತ. ನಾನು ನಾಲ್ಕು ತಾಸು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದೆ. ಏಳು ಸಾವಿರಕ್ಕಲ್ಲ, ಮೂವತ್ತೊಂದು ವರ್ಷಕ್ಕೆ. ಕೊನೆಗೆ ನಮ್ಮವರೇ ಸಹಾಯವಾಣಿಗೆ ನಂಬರು ಒತ್ತಿ ಫೋನು ನನ್ನ ಕಿವಿಗೆ ಹಿಡಿದರು. ಅತ್ತಲಿಂದ ಒಬ್ಬ ಹುಡುಗಿ ಬಲು ತಾಳ್ಮೆಯಿಂದ, "ಮೇಡಂ, ದುಡ್ಡು ಬರಬೇಕಾದರೆ ಪಿನ್ ಹಾಕುವ ಅಗತ್ಯವಿಲ್ಲ" ಅಂದಳು. ಅದೇ ವಾಕ್ಯ. ಹೌದಾ ತಾಯಿ ಅಂದೆ. ಏನು ಉದ್ಯೋಗ ಅಂತ ಕೇಳಿದಳು. ಗೃಹಿಣಿ ಅಂದೆ.

ಸಂಜೆ ಯಲ್ಲಮ್ಮ ಗೇಟಿನ ಹತ್ತಿರ ಬಂದು, "ಏನಾತ್ರಿ ಅಕ್ಕಾರ?" ಅಂದಳು. ಅವಳ ದುಡ್ಡು ಬೀರುವಿನಲ್ಲಿ ಹಾಗೇ ಇತ್ತು. ಹೋದದ್ದು ನನ್ನದು. ನಿಜ ಹೇಳಲು ಅಡ್ಡಿಯೇ ಇರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು, "ಆ ಬೇಗಂಪೇಟೆ ಮಷಿನ್ ತುಕ್ಕು ಹಿಡಿದಿತ್ತು ಯಲ್ಲಮ್ಮ, ಬೇಡ ಅಂದೆ." ಅವಳ ಮುಖ ಸಣ್ಣದಾಯಿತು. "ಆತು ಬಿಡ್ರಿ" ಅಂದು ಕೊಡ ಎತ್ತಿಕೊಂಡು ಹೋದಳು. ಎರಡು ದಿನ ನೀರಿಗೂ ಬರಲಿಲ್ಲ.

ಇನ್ನೊಂದು ಮಷಿನ್ನು ಹುಡುಕಲು ನನಗೆ ಮೂರು ವಾರ ಧೈರ್ಯ ಬೇಕಾಯಿತು. ಈ ಸಲ ಮಾರುವವರು ಜುಬೇದಾ ಬೇಗಂ ಅಂತ, ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ವಾಸ. ಇಪ್ಪತ್ತು ವರ್ಷ ಬುರ್ಖಾ, ಸಲ್ವಾರು ಹೊಲಿದು, ಮಂಡಿ ನೋವಿನಿಂದ ಕಾಲ್ಮಣೆ ತುಳಿಯಲಾಗದೆ ಮಾರುತ್ತಿದ್ದರು. ಅವರ ದನಿಯಲ್ಲಿ ಜೇನಿನ ಹನಿಯೂ ಇರಲಿಲ್ಲ. ನಾನು ಹಲೋ ಅನ್ನುವುದಕ್ಕೂ ಮೊದಲೇ, "ಸ್ಕ್ರೀನ್‌ಶಾಟ್ ದಿಖಾಕೆ ಜಾತೇ ಸೋ ಲೋಗಾಂ ಮೇರೆ ಕು ನಕ್ಕೋ" ಅಂದರು. ಫೋನಿನ ಚಿತ್ರ ತೋರಿಸಿ ಜಾಗ ಖಾಲಿ ಮಾಡುವವರು ನನಗೆ ಬೇಡ ಅಂತ.

ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. "ಗೇಟ್ ಪಾಸು ಕೇಳುವವರು ನನಗೂ ಬೇಡ" ಅಂದೆ.

ಅವರ ಮನೆಗೆ ನಾನು ಬರುತ್ತೇನೆ ಅಂದರೆ ಅವರಿಗೆ ಅನುಮಾನ. ನಮ್ಮ ಮನೆಗೆ ತನ್ನಿ ಅಂದರೂ ಅನುಮಾನ. ನಗದೇ ಬೇಕು ಅಂದರು. ಬಸ್ಸಿನ ನೂಕುನುಗ್ಗಲಲ್ಲಿ ನಗದು ಹಿಡಿದು ಬರಲು ನನಗೆ ಭಯ, ಮೇಲಾಗಿ ಕೊಟ್ಟದ್ದಕ್ಕೆ ಗುರುತು ಇರಬೇಕು ಅನ್ನುವ ಬ್ಯಾಂಕಿನ ಬುದ್ಧಿ. ನಾಲ್ಕು ಸಲ ಫೋನಾಯಿತು. ಕೊನೆಗೆ ಒಪ್ಪಂದ: ನಾಲ್ಕೂವರೆ ಸಾವಿರ, ಭಾನುವಾರ ಹತ್ತು ಗಂಟೆಗೆ, ಅಬಿಡ್ಸ್‌ನಲ್ಲಿ, ಅಂಚೆ ಕಚೇರಿಯ ಹತ್ತಿರ, ಎಲ್ಲರೂ ನೋಡುವ ಜಾಗದಲ್ಲಿ. ಮೊದಲು ಮಷಿನ್ನು ಓಡಿಸಿ ನೋಡುವುದು. ಆಮೇಲೆ ಫೋನಿನಿಂದ ದುಡ್ಡು. ಅದು ಅವರ ಖಾತೆಗೆ ಬಿದ್ದದ್ದನ್ನು ಅವರು ಕಣ್ಣಾರೆ ಕಂಡ ಮೇಲೆ ಮಷಿನ್ನು ನಮ್ಮದು.

ಅಬಿಡ್ಸ್‌ನ ಭಾನುವಾರ ನಿಮಗೆ ಗೊತ್ತಲ್ಲ. ಅಂಗಡಿಗಳು ಬಾಗಿಲು ಹಾಕಿರುತ್ತವೆ, ಅವುಗಳ ಮುಂದೆ ಹಳೇ ಪುಸ್ತಕದ ಸಂತೆ. ಇಂಜಿನಿಯರಿಂಗ್ ಗೈಡು, ಉರ್ದು ಕಾದಂಬರಿ, ಯಾರೋ ಯಾರಿಗೋ ಹುಟ್ಟುಹಬ್ಬಕ್ಕೆ ಸಹಿ ಹಾಕಿ ಕೊಟ್ಟ ಡಿಕ್ಷನರಿ, ಎಲ್ಲ ಚಾದರದ ಮೇಲೆ. ಅವುಗಳ ನಡುವೆ ಜುಬೇದಾ ಬೇಗಂ ಟ್ರಾಲಿ ಆಟೋದಿಂದ ಮಷಿನ್ನು ಇಳಿಸಿ, ಅದರ ಮುಂದೆ ಕಾವಲುಗಾರರ ಹಾಗೆ ನಿಂತಿದ್ದರು. ಅರವತ್ತರ ಹೆಂಗಸು, ಕುಳ್ಳು, ದಪ್ಪ ಕನ್ನಡಕ. ನನ್ನನ್ನೂ ಜೊತೆಗೆ ಬಂದಿದ್ದ ಯಲ್ಲಮ್ಮನನ್ನೂ ಮೇಲಿಂದ ಕೆಳಗಿನವರೆಗೆ ನೋಡಿದರು. ನಾನೂ ಹಾಗೇ ನೋಡಿದೆ.

ಯಲ್ಲಮ್ಮ ನಮ್ಮಿಬ್ಬರನ್ನೂ ನೋಡಲಿಲ್ಲ. ಮಷಿನ್ನಿನ ಮುಂದೆ ಕೂತು, ಚಕ್ರಕ್ಕೊಂದು ಸುತ್ತು ಕೊಟ್ಟು, ತಲೆ ವಾರೆ ಮಾಡಿ ಸಪ್ಪಳ ಕೇಳಿದಳು. ದಾರ ಪೋಣಿಸಿ, ತಂದಿದ್ದ ಬಟ್ಟೆಯ ತುಂಡಿನ ಮೇಲೆ ಉದ್ದಕ್ಕೆ ಹೊಲಿಗೆ ಹಾಕಿದಳು. ಹೊಲಿಗೆ ಇರುವೆ ಸಾಲಿನ ಹಾಗೆ ನೆಟ್ಟಗೆ ಬಂತು.

"ಒಂದು ಹೇಳ್ತೀನಿ" ಅಂದರು ಜುಬೇದಾ ಬೇಗಂ ಹಿಂದಿಯಲ್ಲಿ. "ಇದು ಹಿಂದಕ್ಕೆ ಹೊಲಿಯಲ್ಲ. ಅದರ ಹಿಡಿ ಸಡಿಲಾಗಿದೆ. ಆಮೇಲೆ ಹೇಳಲಿಲ್ಲ ಅನ್ನಬೇಡಿ. ಇನ್ನೂರು ಕಡಿಮೆ ಕೊಡಿ."

ಕೇಳದೆಯೇ ದೋಷ ಹೇಳಿ ಬೆಲೆ ಇಳಿಸಿದವರನ್ನು ನಾನು ಕಂಡದ್ದು ಅದೇ ಮೊದಲು. ಮೊದಲು ಒಂದು ರೂಪಾಯಿ ಕಳಿಸಿದೆ. ಪರದೆಯ ಮೇಲೆ ಅವರದೇ ಹೆಸರು. ಅವರ ಫೋನು ಟಿಂಗ್ ಅಂತು. ಇಬ್ಬರೂ ತಲೆಯಾಡಿಸಿದೆವು. ಆಮೇಲೆ ಉಳಿದ ನಾಲ್ಕು ಸಾವಿರದ ಇನ್ನೂರ ತೊಂಬತ್ತೊಂಬತ್ತು ಕಳಿಸಿ, ಪಿನ್ ಹಾಕಿದೆ.

ನನ್ನ ಪರದೆಯ ಮೇಲೆ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಕೊನೆಗೆ ಹಸಿರು ಗುರುತಿನ ಬದಲು ಕಿತ್ತಳೆ ಬಣ್ಣದ ಗಡಿಯಾರವೊಂದು ಬಂದು ಕೂತಿತು. ಪೆಂಡಿಂಗ್. ಅದೇ ಕ್ಷಣಕ್ಕೆ ನನ್ನ ಖಾತೆಯಿಂದ ದುಡ್ಡು ಕಡಿತವಾಗಿದೆ ಅಂತ ಮೆಸೇಜು ಬಂತು. ಜುಬೇದಾ ಬೇಗಂ ಅವರ ಫೋನು ಸುಮ್ಮನಿತ್ತು.

"ಪೈಸೆ ನೈ ಆಯೇ" ಅಂದರು.

"ನನ್ನಿಂದ ಹೋಗಿದೆ. ನೋಡಿ" ಅಂತ ಮೆಸೇಜು ತೋರಿಸಿದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದು ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟರು. "ನನ್ನ ಫ್ರಿಜ್ ತಗೊಂಡು ಹೋದವನೂ ಹೀಗೇ ತೋರಿಸಿದ. ಒಂದು ತಾಸಿನಲ್ಲಿ ಬರುತ್ತೆ ಅಂದ. ಎರಡು ವರ್ಷ ಆಯ್ತು."

"ನಾನು ಅಂಥವಳಲ್ಲಮ್ಮಾ. ನಾನು ಬ್ಯಾಂಕಿನಲ್ಲಿದ್ದೆ, ಮೂವತ್ತೊಂದು ವರ್ಷ" ಅಂದೆ. ಅಂದು ಸುಮ್ಮನಿರಲಿಲ್ಲ. ಪರ್ಸಿನಿಂದ ಹಳೇ ಗುರುತಿನ ಚೀಟಿ ತೆಗೆದು ಅವರ ಮುಖಕ್ಕೆ ಹಿಡಿದೆ.

"ಅವನೂ ಕಾರ್ಡು ತೋರಿಸಿದ್ದ" ಅಂದರು ಜುಬೇದಾ ಬೇಗಂ.

ಹಿಡಿದ ಕೈ ಹಾಗೇ ಇಳಿಯಿತು. ಬೇಗಂಪೇಟೆಯ ಮಹಾಶಯನೂ ನನಗೆ ತೋರಿಸಿದ್ದು ಅದನ್ನೇ. ಅವನು ಆಡಿದ ಮಾತನ್ನೇ, ಅಷ್ಟೇ ಆತುರದಿಂದ, ನಾನೀಗ ಆಡುತ್ತಿದ್ದೆ. ನಿಜ ಹೇಳುವವರೂ ಸುಳ್ಳು ಹೇಳುವವರೂ ಹೊರಗಿನಿಂದ ನೋಡಿದರೆ ಒಂದೇ ಥರ ಬೆವರುತ್ತಾರೆ. ನನಗೂ ಒಳಗೊಳಗೇ ಸಂಶಯ ಮೊಳೆಯಿತು. ದುಡ್ಡು ಬಿದ್ದಿದ್ದರೂ ಬಿದ್ದಿಲ್ಲ ಅನ್ನುತ್ತಿದ್ದಾರೋ? ಇನ್ನೂರು ಕಡಿಮೆ ಮಾಡಿದ್ದೂ ಒಂದು ರೂಪಾಯಿಗೆ ಎರಡು ರೂಪಾಯಿ ಕೊಟ್ಟ ಹಾಗೆ ನಾಟಕವೋ? ಭಾನುವಾರ, ಬ್ಯಾಂಕು ಬೇರೆ ಮುಚ್ಚಿತ್ತು. ಟ್ರಾಲಿ ಆಟೋದವನು ನಮ್ಮ ಮುಖ ನೋಡಿ, ಇದು ಬೇಗ ಮುಗಿಯುವ ಕಥೆಯಲ್ಲ ಅಂದುಕೊಂಡು, ಬಂದ ಬಾಡಿಗೆ ಇಸಿದುಕೊಂಡು ಹೊರಟುಹೋದ.

ಆಗ ಯಲ್ಲಮ್ಮ ಕೂತಲ್ಲಿಂದಲೇ ಅಂದಳು, "ಇಬ್ಬರೂ ನೆಳ್ಳಾಗ ಕುಂದರ್ರಿ. ರೊಕ್ಕ ಬಂದ್ರ ನಾವು ಒಯ್ತೀವಿ. ಬರಲಿಲ್ಲಂದ್ರ ಆಕಿ ಒಯ್ತಾಳ. ಎಲ್ಲಾರೂ ಇಲ್ಲೇ ಅದೀವಲ್ರಿ, ಓಡಿ ಹೋಗೋರ್ಯಾರು?" ಇದನ್ನೇ ಜುಬೇದಾ ಬೇಗಂ ಅವರಿಗೂ ಚುರುಕಾದ ದಖನಿ ಹಿಂದಿಯಲ್ಲಿ ಹೇಳಿದಳು. ಆ ಚುರುಕು ಆಗ ನನ್ನ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ.

ಹೀಗೆ ನಾವಿಬ್ಬರೂ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆವು. ಒಬ್ಬರ ಫೋನಿನ ಮೇಲೆ ಇನ್ನೊಬ್ಬರ ಕಣ್ಣು. ಯಲ್ಲಮ್ಮ ಮಾತ್ರ ಸುಮ್ಮನೆ ಕೂರಲಾರದೆ ಬಟ್ಟೆಯ ತುಂಡಿನ ಮೇಲೆ ಹೊಲಿಗೆ ಹಾಕುತ್ತಲೇ ಇದ್ದಳು. ಪಕ್ಕದ ಪುಸ್ತಕದವನು ನೋಡಿ ನೋಡಿ, ಮಧ್ಯಕ್ಕೆ ಹರಿದುಹೋಗಿದ್ದ ತನ್ನ ಚಾದರ ತಂದ. "ಇದಕ್ಕೊಂದು ಹೊಲಿಗೆ ಹಾಕ್ತೀಯಾಮ್ಮಾ?" ಹಾಕಿದಳು. ಇಪ್ಪತ್ತು ರೂಪಾಯಿ ಕೊಟ್ಟ. ಅವನ ಹಿಂದೆ ಬ್ಯಾಗಿನ ಪಟ್ಟಿ ಕಿತ್ತ ಕಾಲೇಜು ಹುಡುಗಿ, ಅವಳ ಹಿಂದೆ ಜೇಬು ಹರಿದ ಒಬ್ಬ ಮುದುಕರು. ಮುದುಕರು ಅಂಗಿ ಬಿಚ್ಚಿ ಕೊಟ್ಟು, ಬನಿಯನ್ನಿನಲ್ಲೇ ಗಂಭೀರವಾಗಿ ಡಿಕ್ಷನರಿ ತಿರುವುತ್ತಾ ನಿಂತರು. ಇನ್ನೂ ಯಾರದೆಂದು ತೀರ್ಮಾನವಾಗದ ಮಷಿನ್ನು ದುಡಿಯತೊಡಗಿತ್ತು.

ಜುಬೇದಾ ಬೇಗಂ ಅವರಿಗೆ ಅದನ್ನು ನೋಡಿ ನಗು ಬಂತು. ಎದ್ದುಹೋಗಿ ಮೂರು ಇರಾನಿ ಚಹಾ ತಂದರು. ಒಂದು ಕಪ್ಪು ನನ್ನ ಪಕ್ಕ ಇಟ್ಟರು, ಇಬ್ಬರ ಜಾಗದ ಅಂತರ ಒಬ್ಬರದಾಯಿತು. ಫ್ರಿಜ್ಜಿನ ಕಥೆ ಪೂರ್ತಿ ಹೇಳಿದರು. ಹಸಿರು ಗುರುತಿನ ಚಿತ್ರ ತೋರಿಸಿದವನಿಗೆ ತಾವೇ ಫ್ರಿಜ್ ಎತ್ತಲು ಕೈ ಹಚ್ಚಿದ್ದರಂತೆ, ಮೇಲೆ ಬಿಸಿಲೆಂದು ಶರಬತ್ತು ಬೇರೆ ಮಾಡಿಕೊಟ್ಟಿದ್ದರಂತೆ. "ಎರಡು ಗ್ಲಾಸು ಕುಡಿದ" ಅಂದರು. ಫ್ರಿಜ್ಜಿಗಿಂತ ಆ ಎರಡನೇ ಗ್ಲಾಸಿನ ಸಂಕಟವೇ ಅವರಿಗೆ ಹೆಚ್ಚಾಗಿದ್ದ ಹಾಗೆ ಕಂಡಿತು.

ನನಗೆ ತಡೆಯಲಾಗಲಿಲ್ಲ. ನಮ್ಮವರ ಹೊರತು ಯಾರಿಗೂ ಹೇಳದ ಕಥೆಯನ್ನು, ಅರ್ಧ ತಾಸಿನ ಹಿಂದೆ ಕಳ್ಳಿ ಇರಬಹುದು ಅಂದುಕೊಂಡಿದ್ದ ಹೆಂಗಸಿನ ಮುಂದೆ ಬಿಚ್ಚಿದೆ. ಗೇಟ್ ಪಾಸು, ಒಂದು ರೂಪಾಯಿ ಲಾಭ, ಓದದೆ ಬಿಟ್ಟ ಹೆಸರು, ಉಕ್ಕಿದ ಹಾಲು, ಗೃಹಿಣಿ ಅಂದದ್ದು, ಎಲ್ಲ. ಹಿಂದಿಯಲ್ಲಿ ಹೇಳಿದೆ, ಯಲ್ಲಮ್ಮನಿಗೆ ತಿಳಿಯದಿರಲಿ ಅಂತ. ಜುಬೇದಾ ಬೇಗಂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಮೂರು ವಾರದಲ್ಲಿ ಮೊದಲ ಸಲ.

ನಗು ನಿಂತಾಗ ಇನ್ನೊಂದು ಸಪ್ಪಳವೂ ನಿಂತಿತ್ತು. ಕಾಲ್ಮಣೆಯದು.

"ಅಕ್ಕಾರ" ಅಂದಳು ಯಲ್ಲಮ್ಮ. "ಆ ಮಷಿನ್ ತುಕ್ಕ ಹಿಡದೈತಿ ಅಂದಿದ್ರಿ."

ಎಂಟು ವರ್ಷ ಈ ಊರಿನ ಮೇಸ್ತ್ರಿಗಳ ಜೊತೆ, ಕಿರಾಣಿ ಅಂಗಡಿಯವರ ಜೊತೆ, ಬಿಹಾರದಿಂದ ಬಂದ ಗಾರೆಯವರ ಜೊತೆ ಬಡಿದಾಡಿದವಳು. ನನಗಿಂತ ಚೆನ್ನಾಗಿ ಹಿಂದಿ ಬಲ್ಲವಳು. ಅವಳಿಗೆ ತಿಳಿಯುವುದಿಲ್ಲ ಅಂತ ನನಗೆ ಹೊಳೆದದ್ದಾದರೂ ಹೇಗೋ!

"ಹೌದು ಯಲ್ಲಮ್ಮ. ಸುಳ್ಳು ಹೇಳಿದೆ."

"ನಾ ಅವತ್ತ ಮನಿಗಿ ಹೋಗಿ ಗಂಡನ ಮುಂದ ಅತ್ತೆ. ಮಷಿನಿಗಲ್ಲ, ನನ್ನ ನಸೀಬಕ್ಕ ತುಕ್ಕ ಹಿಡದೈತಿ ಅಂತ." ಅವಳು ನನ್ನನ್ನು ನೋಡದೆ ಸೂಜಿಯನ್ನೇ ನೋಡುತ್ತಿದ್ದಳು. "ನಿಮ್ಮ ರೊಕ್ಕ ಹೋಗಿದ್ದು ಕೆಟ್ಟ ಅನಸ್ತದ್ರಿ. ಆದ್ರ ಮೇಸ್ತ್ರಿ ನನ್ನ ಪಗಾರ ಮುಳುಗಿಸಿದ್ದು ನಾ ನಿಮ್ಮ ಮುಂದ ಹೇಳಿಲ್ಲೇನು? ನೀವ್ಯಾಕ ಮುಚ್ಚಿಟ್ರಿ? ನಾ ಹೇಳಬಹುದು, ನೀವು ಹೇಳಬಾರದೇನ್ರಿ?"

ಅವಳು ಗೇಟಿನ ಹೊರಗೆ, ನಾನು ಗೇಟಿನ ಒಳಗೆ ನಿಂತೇ ಅಷ್ಟೂ ದಿನ ಮಾತಾಡಿದ್ದೆವು ಅನ್ನುವುದು ಆಗ ನೆನಪಾಯಿತು. ನೀರು ಕೊಟ್ಟಿದ್ದೆ, ಕಥೆ ಕೇಳಿದ್ದೆ. ನನ್ನದು ಅಂತ ಒಂದೂ ಕೊಟ್ಟಿರಲಿಲ್ಲ. "ತಪ್ಪಾಯ್ತು" ಅಂದೆ, ಅಬಿಡ್ಸ್‌ನ ಫುಟ್‌ಪಾತಿನಲ್ಲಿ, ಬನಿಯನ್ನಿನ ಮುದುಕರ ಎದುರಿಗೆ. ಅವಳು ಮುದುಕರ ಜೇಬಿನ ಹೊಲಿಗೆ ಮುಗಿಸಿ, ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, ಅಂಗಿ ಕೊಟ್ಟಳು.

ಮಧ್ಯಾಹ್ನ ಒಂದೂವರೆಗೆ ಜುಬೇದಾ ಬೇಗಂ ಅವರ ಫೋನು ಟಿಂಗ್ ಅಂತು. ಅವರು ಮೆಸೇಜನ್ನು ನಂಬಲಿಲ್ಲ. ಮಗ್ಗುಲಿಗೆ ತಿರುಗಿ ಖಾತೆ ತೆಗೆದು ನೋಡಿದರು. ಪಿನ್ ಹಾಕುತ್ತಾರಲ್ಲ ಅಂತ ನಾನು ಅಂಚೆ ಕಚೇರಿಯ ಕಡೆ ಮುಖ ತಿರುಗಿಸಿದೆ. ನನ್ನ ಪರದೆಯ ಮೇಲಿನ ಕಿತ್ತಳೆ ಗಡಿಯಾರವೂ ಹಸಿರಾಗಿತ್ತು.

"ಆ ಗಯೇ!" ಅಂದರು, ಬಂತು ಅಂತ. ಹಾಗಂದು ನನ್ನನ್ನು ತಬ್ಬಿಕೊಂಡರು. ಯಾವ ವ್ಯಾಪಾರದಲ್ಲೂ ನನಗೆ ಅಂಥ ರಸೀದಿ ಸಿಕ್ಕಿರಲಿಲ್ಲ. ಬಾಬಿನ್ನುಗಳ ಡಬ್ಬಿ, ಎಣ್ಣೆಯ ಡಬ್ಬಿ, ಅರ್ಧ ಸವೆದ ಸೀಮೆಸುಣ್ಣದ ಚೂರು ಎಲ್ಲವನ್ನೂ ಯಲ್ಲಮ್ಮನ ಮಡಿಲಿಗೆ ಹಾಕಿ, ಹಿಂದಕ್ಕೆ ಹೊಲಿಯಬೇಕಾದರೆ ಬಟ್ಟೆಯನ್ನೇ ತಿರುಗಿಸಿಬಿಡು ಅಂತ ಉಪಾಯ ಹೇಳಿಕೊಟ್ಟರು. ಮಷಿನ್ನನ್ನು ಬೇರೊಂದು ಆಟೋಕ್ಕೆ ಏರಿಸುವಾಗ ಮಂಡಿ ನೋವಿನಲ್ಲೂ ಒಂದು ಕೈ ಹಚ್ಚಿದರು. "ಈ ಸಲ ಶರಬತ್ತು ಕೊಡಲ್ಲ" ಅಂದರು.

ದಾರಿಯುದ್ದಕ್ಕೂ ಯಲ್ಲಮ್ಮ ಮಷಿನ್ನನ್ನು ತಬ್ಬಿ ಕೂತಿದ್ದಳು. ಮುಖ ಹೊರಗಿನ ರಸ್ತೆಯ ಕಡೆ. ಅವಳ ಬಸ್ತಿ ಮುಟ್ಟಿ, ಮಷಿನ್ನು ಇಳಿಸಿ, ಇನ್ನು ನಾನು ಹೊರಡಬೇಕು ಅನ್ನುವಾಗ, "ಒಳಗ ಬರ್ರಿ, ಚಹಾ ಕುಡದು ಹೋಗ್ರಿ" ಅಂದಳು. ಅಷ್ಟು ದಿನದಲ್ಲಿ ನಾನು ಅವಳ ಮನೆಯ ಒಳಗೆ ಹೋದದ್ದು ಅದೇ ಮೊದಲು.

ಇದೆಲ್ಲ ಆಗಿ ಆರೇಳು ತಿಂಗಳಾಯಿತು. ಯಲ್ಲಮ್ಮ ಈಗ ಬುಟ್ಟಿ ಹೊರುವುದಿಲ್ಲ. ಬಾಗಿಲ ಹತ್ತಿರ ಮಷಿನ್ನು ಹಾಕಿಕೊಂಡು ಲಂಗ, ಫಾಲ್ಸು, ಮಕ್ಕಳ ಯೂನಿಫಾರ್ಮು ಹೊಲಿಯುತ್ತಾಳೆ. ಬ್ಲೌಸನ್ನೂ ಕಲಿತಳು ಅಂತ ತಿಳಿದು, ಹೋದ ತಿಂಗಳು ನಾನೊಂದು ಬ್ಲೌಸ್ ಪೀಸು ತಗೊಂಡು ಹೋದೆ. ಅಳತೆ ತಗೊಂಡಳು. ಆಮೇಲೆ ಅಂಗೈ ಚಾಚಿದಳು.

"ರೊಕ್ಕ ಮೊದಲ ಕೊಡ್ರಿ ಅಕ್ಕಾರ. ಪೂರಾ."

"ಅಯ್ಯ, ಉಳಿದವರೆಲ್ಲ ಹೊಲಿದು ಕೊಟ್ಟ ಮೇಲೆ ಕೊಡ್ತಾರಲ್ಲ?"

"ಅವರ್ಯಾರೂ ನನಗ ಸುಳ್ಳ ಹೇಳಿಲ್ರಿ" ಅಂದಳು. ಮುಖ ಗಂಭೀರವಾಗಿತ್ತು, ಮೂಗಿನ ತುದಿ ಮಾತ್ರ ನಗುತ್ತಿತ್ತು.

ವಸ್ತು ಕೈಗೆ ಬರುವ ಮುಂಚೆ ಪೂರ್ತಿ ದುಡ್ಡು ಕೊಡಬೇಡಿ ಅಂತ ಈಗ ಕಂಡಕಂಡವರಿಗೆಲ್ಲ ಬುದ್ಧಿ ಹೇಳುವವಳು ನಾನು. ಕೊಟ್ಟೆ. ಅವಳು ಎರಡು ಸಲ ಎಣಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು, ಬುಧವಾರ ಬರ್ರಿ ಅಂದಳು. ಬುಧವಾರ ಹೋದೆ. ನಾಳೆ ಅಂದಳು. ಮರುದಿನ ಹೋದೆ, ತೋಳೊಂದು ಬಾಕಿ ಐತಿ ಅಂದಳು. ನಿನ್ನೆ ಹೋದಾಗ ಗುಂಡಿ ಹಚ್ಚೋದಷ್ಟೇ ಉಳಿದೈತಿ, ನಾಳೆ ಖರೇನ ಕೊಡ್ತೀನಿ ಅಂದಳು. ಮಷಿನ್ನಿನ ಪಕ್ಕದಲ್ಲಿ ನನ್ನ ಪೀಸು ಮಡಿಕೆಯೂ ಬಿಚ್ಚದೆ ಹಾಗೇ ಕೂತಿತ್ತು.

ಜುಬೇದಾ ಬೇಗಂ ಅವರಿಗೆ ಫೋನು ಮಾಡಿ ಹೇಳಿದೆ. ಅವರು ನಗುತ್ತಾ, "ಮುಬಾರಕ್ ಹೋ. ಅವಳು ಪಕ್ಕಾ ದರ್ಜಿ ಆಗಿಬಿಟ್ಟಳು" ಅಂದರು.